ಜಿಮ್ ರಯಾನ್ ಲೆಕ್ಕ ಗಿರಾಕಿ ಕಡೆಯಿಂದಲೂ ನೋಡಿ

ಮಾನ್ಯ ಸಂಪಾದಕರೇ,

ಸೋನಿ ಪ್ಲೇಸ್ಟೇಷನ್ ಬಾಸ್ ಜಿಮ್ ರಯಾನ್ 2024ರ ಮಾರ್ಚ್‌ನಲ್ಲಿ ರಿಟೈರ್ ಆದಾಗಿಂದ ಬರೀ ಎಷ್ಟು ಕನ್ಸೋಲ್ (ಗೇಮ್ ಆಡೋ ಮೆಷಿನ್) ಸೇಲಾಯ್ತು ಅನ್ನೋದೇ ಮಾತು, ದುಡ್ಡು ಕೊಟ್ಟು ತಗೊಂಡೋರ ಕಥೆ ಕೇಳೋರು ಕಮ್ಮಿ. ಪ್ಲೇಸ್ಟೇಷನ್ 5 ಕನ್ಸೋಲ್ (ಪಿಎಸ್5) ನಮ್ ದೇಶಕ್ಕೆ ಬಂದಾಗ, 2021ರ ಫೆಬ್ರವರಿಯಲ್ಲಿ, ಡಿಸ್ಕ್ ಹಾಕೋ ಮಾಡೆಲ್‌ಗೆ 49,990 ರೂಪಾಯಿ ಇತ್ತು, 2022ರಲ್ಲಿ ಅದೇ ಮೆಷಿನ್ 54,990 ಆಯ್ತು, ಹಳೇದಾದಷ್ಟೂ ರೇಟ್ ಇಳೀಬೇಕು ತಾನೇ?

ಜಾಸ್ತಿ ಹೊಟ್ಟೆ ಉರಿದಿದ್ದು 2021ರಲ್ಲಿ ಪಿಎಸ್3, ವೀಟಾ ಅನ್ನೋ ಹಳೇ ಮೆಷಿನ್‌ಗಳ ಆನ್‌ಲೈನ್ ಸ್ಟೋರ್ ಮುಚ್ತೀವಿ ಅಂದಾಗ. ಜನ ಗಲಾಟೆ ಮಾಡಿದ್ಮೇಲೆ ಏಪ್ರಿಲ್‌ನಲ್ಲಿ ತಪ್ಪಾಯ್ತು ಅಂತ ರಯಾನ್ ಅವರೇ ಒಪ್ಕೊಂಡು ವಾಪಸ್ ತಗೊಂಡ್ರು, ಅದಕ್ಕೆ ಮಾರ್ಕ್ಸ್ ಕೊಡ್ತೀನಿ, ಆದ್ರೆ ಆ ಯೋಚನೆ ಬಂದಿದ್ದೇ ತಪ್ಪು. ನಮ್ ಮೈಸೂರಲ್ಲಿ ಹುಡುಗ್ರು ಒಂದೇ ಡಿಸ್ಕನ್ನ ಕುವೆಂಪುನಗರದಿಂದ ಸರಸ್ವತಿಪುರಂವರೆಗೆ ಮನೆಮನೆ ಸುತ್ತಿಸ್ತಾರೆ, ಬಾಕ್ಸ್ ಒಡೆದೋಗಿ ಸೆಲ್ಲೋಟೇಪ್ ಹಚ್ಚಿರುತ್ತೆ, ಆದ್ರೂ ಆಟ ಓಡುತ್ತೆ. ಡೌನ್‌ಲೋಡ್ ಗೇಮ್ ಹಂಗೆ ಕೈಬದಲು ಮಾಡಕ್ಕಾಗಲ್ಲ, ಸ್ಟೋರೇ ಮುಚ್ಚಿದ್ರೆ ಹೊಸದಾಗಿ ಕೊಳ್ಳಕ್ಕೂ ಆಗಲ್ಲ.

ಒಳ್ಳೇದೂ ಹೇಳ್ಬೇಕು, 2022ರಲ್ಲಿ ಪ್ಲೇಸ್ಟೇಷನ್‌ನ ಗಾಡ್ ಆಫ್ ವಾರ್ ಗೇಮ್ ಪಿಸಿಗೆ (ಕಂಪ್ಯೂಟರ್‌ಗೆ) ಬಂತು, ಕನ್ಸೋಲ್ ತಗೊಳ್ಳೋ ಶಕ್ತಿ ಇಲ್ದೋರೂ ಆಡಂಗಾಯ್ತು, ಅವರ ಕಾಲದಲ್ಲಿ ನಂಗೆ ತುಂಬಾ ಇಷ್ಟವಾದ ಕೆಲಸ ಅದು. ಈಗಿರೋರು ಅದನ್ನ ಮುಂದುವರಿಸ್ಲಿ, ಹಳೇ ಸ್ಟೋರ್ ತಂಟೆಗೆ ಮಾತ್ರ ಹೋಗೋದು ಬೇಡ.

- ಒಬ್ಬ ಓದುಗ, ಕುವೆಂಪುನಗರ, ಮೈಸೂರು