ಕಾರ್ತಿಕದ ಬೆಟ್ಟ ಮತ್ತು ವಯಸ್ಸಾದ ನಾಯಿ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಿಗೆ ಶನಿವಾರ, ಭಾನುವಾರ ಬರುವ ಕಾರುಗಳಲ್ಲಿ ಈಚಿನ ವರ್ಷಗಳಲ್ಲಿ ಮನೆಮಂದಿಯ ಜೊತೆಗೆ ನಾಯಿಗಳೂ ಇರುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ನಾನೂ ಹನ್ನೆರಡು ವರ್ಷಗಳಿಂದ ನಾಯಿಯನ್ನು ಕಟ್ಟಿಕೊಂಡೇ ಗುಡ್ಡ ಹತ್ತುತ್ತಿರುವವನು. ಆದರೆ ಹಾಗೆ ಬರುವ ನಾಯಿಗಳಲ್ಲಿ ಮೂತಿ ನರೆತವು, ಕಣ್ಣಿಗೆ ಪೊರೆ ಬಂದವು, ಕಾರಿನಿಂದ ಇಳಿಯುವಾಗ ಹಿಂಗಾಲು ನಡುಗುವಂಥವು ಎಷ್ಟಿರುತ್ತವೆ ಎಂಬುದನ್ನು ನೋಡಿದ ಮೇಲೆ, ಅವುಗಳ ಪರವಾಗಿ ನಾಲ್ಕು ಮಾತು ಬರೆಯಬೇಕೆನ್ನಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಕಳೆದ ಕಾರ್ತಿಕದ ಒಂದು ಭಾನುವಾರ, ನೆಂಟರನ್ನು ಬಿಟ್ಟುಬರಲು ಚಾರಣದ ದಾರಿಯೊಂದರ ತನಿಖಾ ಗೇಟಿನವರೆಗೆ ಹೋಗಿದ್ದೆ. ನಸುಕಿನಲ್ಲೇ ಬೆಂಗಳೂರು ಬಿಟ್ಟು ಸುಮಾರು 250 ಕಿಲೋಮೀಟರ್ ಬಂದಿದ್ದ ಕುಟುಂಬವೊಂದು, ನಾಯಿಯನ್ನು ಒಳಗೆ ಬಿಡುವಂತಿಲ್ಲ ಎಂದು ಗೇಟಿನ ಸಿಬ್ಬಂದಿ ಹೇಳಿದ್ದರಿಂದ ಏನು ಮಾಡುವುದೆಂದು ತೋಚದೆ ಅಲ್ಲಿ ನಿಂತಿತ್ತು. ನಾಯಿ ಹತ್ತು ವರ್ಷದ ಲ್ಯಾಬ್ರಡಾರ್, ಸ್ವಲ್ಪ ಮೈ ಬಂದದ್ದು. ದುಡ್ಡು ಕಟ್ಟಿ ಕಾಯ್ದಿರಿಸಿದ ಚಾರಣವನ್ನು ಬಿಡಲು ಮಕ್ಕಳಿಗೆ ಮನಸ್ಸಿರಲಿಲ್ಲ. ಕೊನೆಗೆ ಕಾರನ್ನು ಮರದ ನೆರಳಿಗೆ ನಿಲ್ಲಿಸಿ, ಗಾಜನ್ನು ನಾಲ್ಕು ಬೆರಳು ಇಳಿಸಿ, ತಟ್ಟೆಯಲ್ಲಿ ನೀರಿಟ್ಟು ಎಲ್ಲರೂ ಮೇಲೆ ಹೋದರು. ಹನ್ನೊಂದರ ಹೊತ್ತಿಗೆ ಮರದ ನೆರಳು ಕಾರನ್ನು ಬಿಟ್ಟು ರಸ್ತೆಯ ಆಚೆಗೆ ಸರಿದಿತ್ತು. ಅದನ್ನು ಮೊದಲು ಗಮನಿಸಿದ್ದು ಚಹಾದ ಗೂಡಂಗಡಿಯ ಹೆಂಗಸು. "ಅಣ್ಣಾ, ಆ ಕಾರಿನ ನಾಯಿ ಯಾಕೋ ಒಂಥರಾ ಆಡ್ತಿದೆ, ನೋಡಿ" ಎಂದರು. ಹೋಗಿ ನೋಡಿದರೆ ನೀರಿನ ತಟ್ಟೆ ಮಗುಚಿ ಬಿದ್ದಿತ್ತು. ನಾಯಿ ನಾಲಿಗೆಯನ್ನು ಪೂರ್ತಿ ಹೊರಚಾಚಿ, ದಪ್ಪನೆಯ ಜೊಲ್ಲು ಸುರಿಸುತ್ತ, ಗಾಜಿನ ಸಂದಿಗೆ ಮೂಗು ಒತ್ತಿ ತೇಕುತ್ತಿತ್ತು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಗೇಟಿನ ಹುಡುಗನೊಬ್ಬ ಮೇಲಕ್ಕೆ ಓಡಿ ಹೋಗಿ, ಮನೆಯ ಮಗನನ್ನು ಕೀಲಿಕೈ ಸಮೇತ ಕರೆತರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರವರೆಗೆ ನಾವು ಗಾಜಿನ ಸಂದಿಯಿಂದಲೇ ಅದರ ಮೈಮೇಲೆ ನೀರು ಸುರಿಯುತ್ತ ನಿಂತೆವು. ಹೊರಗೆ ತೆಗೆದು ನೆರಳಿನಲ್ಲಿ ಮಲಗಿಸಿ, ಹೊಟ್ಟೆಗೂ ಪಾದಗಳಿಗೂ ಒದ್ದೆ ಬಟ್ಟೆ ಹಾಕಿದ ಮೇಲೆ ನಾಯಿ ಹೇಗೋ ಚೇತರಿಸಿಕೊಂಡಿತು.

ಆ ಮನೆಯವರು ಕೆಟ್ಟವರಲ್ಲ. ತಂಪು ಹವೆಯಲ್ಲಿ ಕಾರು ಕಾಯುವುದಿಲ್ಲ ಎಂದು ನಂಬಿದ್ದರು, ಅಷ್ಟೆ. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇರುವಾಗ ಬಿಸಿಲಿಗೆ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 34 ಡಿಗ್ರಿ ತಲುಪುತ್ತದೆ. ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ಗಾಜನ್ನು ನಾಲ್ಕು ಬೆರಳು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಎದೆಗೂಡು ಹಳತಾದ ನಾಯಿಗೆ ಆ ದಾರಿಯೂ ಕಿರಿದಾಗಿರುತ್ತದೆ.

ಗೇಟಿನಲ್ಲಿ ನಾಯಿಯನ್ನು ತಡೆದದ್ದು ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸರಿ ಎಂಬುದೇ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖವಿರಲಿ, ಹುಲಿ ಮೀಸಲು ಪ್ರದೇಶವಾದ ಭದ್ರಾ ಇರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವ ಕಾಡುಗಳಿಗೆ ಮನುಷ್ಯರಾದ ನಾವೇ ಅನುಮತಿ ಪಡೆದು ಹೋಗಬೇಕು. ಅಲ್ಲಿಗೆ ನಾಯಿಯನ್ನು ಒಯ್ದರೆ ಜಿಂಕೆ, ಕಾಡುಕುರಿಗಳು ಬೆದರುತ್ತವೆ ಎಂಬುದು ಎಲ್ಲರಿಗೂ ತಿಳಿದ ಮಾತು. ಅದಕ್ಕಿಂತ ದೊಡ್ಡ ಭಯ ರೋಗದ್ದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವದರ ದೇಹದಲ್ಲಿ ಪತ್ತೆಯಾದದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ರೋಗದ ವೈರಾಣು. ನಮ್ಮ ಘಟ್ಟದ ಕಾಡುಗಳಲ್ಲಿರುವ ಸೀಳುನಾಯಿ ನಮ್ಮ ನಾಯಿಗಳ ದೂರದ ದಾಯಾದಿ. ಡಿಸ್ಟೆಂಪರ್, ಹುಚ್ಚು, ಕಜ್ಜಿ ಎಲ್ಲವೂ ಅದಕ್ಕೆ ಸುಲಭವಾಗಿ ತಗಲುತ್ತವೆ. "ಹೇಗೂ ಮುದಿಯಾಯಿತು, ಇನ್ನೇಕೆ ಚುಚ್ಚಿಸುವುದು" ಎಂದು ವರ್ಷದ ಲಸಿಕೆಯನ್ನು ನಿಲ್ಲಿಸುವವರು ನಮ್ಮೂರಿನಲ್ಲೂ ಇದ್ದಾರೆ, ಪೇಟೆಯಲ್ಲೂ ಇದ್ದಾರೆ. ಲಸಿಕೆ ತಪ್ಪಿದ ಮುದಿನಾಯಿ ಕಾಡಿಗೂ ಅಪಾಯ, ಕಾಡಿನ ಅಂಚಿನ ಊರ ನಾಯಿಗಳಿಗೂ ಅಪಾಯ.

ಹಾಗಾಗಿ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಹೇಳುವ ಜಾಗದ ಬಗ್ಗೆ ಇದೆ. ಗೇಟಿನಲ್ಲಿ ಹೇಳಿದರೆ ತಡವಾಗಿ ಹೋಗಿರುತ್ತದೆ. ಅಷ್ಟು ದೂರ ಬಂದವರು ವಾಪಸು ಹೋಗುವುದಿಲ್ಲ. ಕಾರಿನಲ್ಲಿ ಕೂಡಿಹಾಕುತ್ತಾರೆ, ಇಲ್ಲವೇ ಅಂಗಡಿಯ ಕಂಬಕ್ಕೆ ಕಟ್ಟುತ್ತಾರೆ, ಇಲ್ಲವೇ ಗೇಟು ತಪ್ಪಿಸಿ ಬೇರೆ ದಾರಿ ಹುಡುಕುತ್ತಾರೆ. ಚಾರಣಕ್ಕೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸುವಾಗ, ದುಡ್ಡು ಕಟ್ಟುವುದಕ್ಕೂ ಮೊದಲು, ನಾಯಿಗೆ ಪ್ರವೇಶವಿಲ್ಲ ಎಂಬ ಒಂದು ಸಾಲು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಕಣ್ಣಿಗೆ ಬೀಳುವಂತಿರಬೇಕು. ಜೊತೆಗೆ ಬೆಟ್ಟದ ರಸ್ತೆ ಹಿಡಿಯುವ ಮೊದಲಿನ ಕೊನೆಯ ಪೇಟೆಯಲ್ಲೇ ಇದನ್ನು ಹೇಳುವ ಒಂದು ಫಲಕವಿರಬೇಕು. ಆ ಪೇಟೆಯಲ್ಲಾದರೆ ನೆರಳಿದೆ, ನೀರಿದೆ, ಪಶು ಆಸ್ಪತ್ರೆ ಇದೆ, ನಾಯಿಯ ಜೊತೆ ಹಿಂದೆ ಉಳಿಯಲು ಒಪ್ಪುವ ಒಬ್ಬರಿಗೆ ಕೂರಲು ಹೋಟೆಲಿನ ಬೆಂಚಾದರೂ ಇದೆ.

ಹಾಗಾದರೆ ವಯಸ್ಸಾದ ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಬೇಕೇ ಎಂದು ಕೇಳಬಹುದು. ಬೇಡ. ಶಿಖರಗಳನ್ನು ಬಿಟ್ಟರೂ ಮಲೆನಾಡಿನಲ್ಲಿ ಊರೂರಿಗೂ ಗೋಮಾಳದ ಗುಡ್ಡಗಳಿವೆ, ದನ ಮೇಯುವ ಬೋಳುದಿಣ್ಣೆಗಳಿವೆ. ಮೂಡಿಗೆರೆ ತಾಲ್ಲೂಕಿನ ದೇವರಮನೆಯಲ್ಲಂತೂ ಬೆಟ್ಟದ ಒಡೆಯನೇ ಕಾಲಭೈರವೇಶ್ವರ. ನಾಯಿಯನ್ನೇ ವಾಹನ ಮಾಡಿಕೊಂಡ ದೇವರು!

ನಮ್ಮ ಕೆಂಚ ನಾಡನಾಯಿ. ತೋಟದ ಹಿಂದಿನ ಗುಡ್ಡವನ್ನು ನನಗಿಂತ ಚೆನ್ನಾಗಿ ಬಲ್ಲವನು. ಮೊದಲೆಲ್ಲ ನಾನು ಅರ್ಧ ದಾರಿ ಹತ್ತುವಷ್ಟರಲ್ಲಿ ಅವನು ತುದಿ ಮುಟ್ಟಿ, ತಿರುಗಿ ಬಂದು, ಮತ್ತೊಮ್ಮೆ ಹೋಗುತ್ತಿದ್ದ. ಎರಡು ವರ್ಷಗಳ ಹಿಂದೆ, ಅರೇಬಿಕಾ ಕಾಫಿ ಹಣ್ಣಾಗುತ್ತಿದ್ದ ದಿನಗಳಲ್ಲಿ, ಸಿಮೆಂಟು ಕಣದ ಮೇಲೆ ಅವನು ನಡೆಯುವಾಗ ಕರ್ ಕರ್ ಎಂದು ಕೆರೆಯುವ ಸದ್ದು ಕೇಳಿಸಿತು. ಉಗುರು ಬೆಳೆದಿರಬೇಕೆಂದು ಹಿಂಗಾಲನ್ನು ಎತ್ತಿ ನೋಡಿದರೆ ಉಗುರು ಬೆಳೆದಿರಲಿಲ್ಲ, ನಡುವಿನ ಎರಡು ಉಗುರುಗಳು ಮೇಲುಭಾಗದಲ್ಲಿ ಸವೆದು ಚಪ್ಪಟೆಯಾಗಿದ್ದವು. ಕಾಲನ್ನು ಪೂರ್ತಿ ಎತ್ತಿಡಲಾರದೆ ಎಳೆಯುತ್ತಿದ್ದ. ತೋರಿಸಿದಾಗ ಪಶುವೈದ್ಯರು ಹೇಳಿದ್ದು ಇಷ್ಟು: "ಹತ್ತೋವಾಗ ಎಲ್ಲ ನಾಯಿನೂ ಹುಮ್ಮಸ್ಸಿನಲ್ಲೇ ಹತ್ತುತ್ತೆ ಸಾರ್. ಇಳಿಯೋವಾಗ ನೋಡಿ."

ಇಳಿಯುವಾಗ ನೋಡುವುದನ್ನು ನಾನು ತಡವಾಗಿ ಕಲಿತೆ. ನಿಂತ ನಾಯಿಯ ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲುಗಳ ಮೇಲೇ ಇರುತ್ತದೆ. ಇಳಿಜಾರಿನಲ್ಲಿ ಅದು ಇನ್ನೂ ಮುಂದಕ್ಕೆ ವಾಲಿ ಭುಜಕ್ಕೂ ಮೊಣಕೈ ಕೀಲಿಗೂ ಬೀಳುತ್ತದೆ, ಬಲವಿಲ್ಲದ ಹಿಂಗಾಲು ತಡೆಹಿಡಿಯಲಾರದೆ ಜಾರುತ್ತದೆ. ಕಾರ್ತಿಕದ ಬೆಳಿಗ್ಗೆ ಇಬ್ಬನಿ ಕೂತ ಹುಲ್ಲು, ಮಳೆಗಾಲದ ಪಾಚಿ ಇನ್ನೂ ಒಣಗದ ಬಂಡೆ. ನಮ್ಮ ಬೂಟುಗಳೇ ಅಲ್ಲಿ ನಿಲ್ಲುವುದಿಲ್ಲ. ಆ ವರ್ಷ ಗುಡ್ಡದ ತುದಿಯಿಂದ ಹಿಂತಿರುಗುವಾಗ ಎರಡನೆಯ ತಿರುವಿನಲ್ಲಿ ಕೆಂಚ ಕುಳಿತುಬಿಟ್ಟ. ಕರೆದರೆ ಬಾಲ ಅಲ್ಲಾಡಿಸುತ್ತಾನೆ, ಏಳುವುದಿಲ್ಲ. ಹೆಗಲ ಮೇಲಿದ್ದ ಕಂಬಳಿಯನ್ನು ಮಡಿಸಿ ಅವನ ಹೊಟ್ಟೆಯಡಿ, ಹಿಂಗಾಲುಗಳ ಮುಂದೆ ಹಾಯಿಸಿ, ಎರಡೂ ತುದಿಯನ್ನು ಮೇಲಕ್ಕೆ ಹಿಡಿದು ಹಿಂಭಾಗದ ಭಾರವನ್ನು ನಾನು ಹೊತ್ತುಕೊಂಡ ಮೇಲೆ ಮುಂಗಾಲುಗಳಲ್ಲಿ ನಡೆಯತೊಡಗಿದ. ಇಪ್ಪತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಮನೆಗೆ ಬಂದ ಮೇಲೆ ಬೈಸಿಕೊಂಡದ್ದು ನಾನು. ಅವನಿಗೆ ಬಿಸಿ ಅನ್ನ ಸಿಕ್ಕಿತು.

ಅಂದಿನಿಂದ ನಾವು ತುದಿಗೆ ಹೋಗುವುದಿಲ್ಲ. ಬೆಳಗಿನ ಚಳಿಯಲ್ಲಿ ಕೀಲು ಬಿಗಿದಿರುವುದರಿಂದ ಇಬ್ಬನಿ ಆರಿದ ಮೇಲೆ, ಎಂಟೂವರೆಯ ನಂತರ ಹೊರಟು, ಬಿಸಿಲು ಏರುವ ಮೊದಲೇ ಹಿಂತಿರುಗುತ್ತೇವೆ. ಹೋಗುವಾಗ ಅವನಿಗೆ ಹೊಟ್ಟೆ ತುಂಬ ಹಾಕುವುದಿಲ್ಲ. ಹಳ್ಳದ ನಿಂತ ನೀರನ್ನು ಕುಡಿಯಲು ಬಿಡುವುದಿಲ್ಲ, ಏಕೆಂದರೆ ಇಲಿಜ್ವರ ನಾಯಿಗಳಿಗೂ ಬರುತ್ತದೆ. ಬಾಟಲಿಯಲ್ಲಿ ಮನೆಯ ನೀರು ಒಯ್ಯುತ್ತೇನೆ. ಕಿವಿ ಮಂದವಾದ ಕಾರಣ ಹಿಂದಿನಿಂದ ಬರುವ ಜೀಪೂ ಅವನಿಗೆ ಕೇಳಿಸುವುದಿಲ್ಲ, ಪೊದೆಯಲ್ಲಿ ಕೂತ ಚಿರತೆಯೂ ಗೊತ್ತಾಗುವುದಿಲ್ಲ. ಹಾಗಾಗಿ ಜೀವಮಾನದಲ್ಲಿ ಬೆಲ್ಟು ಕಾಣದವನಿಗೆ ಈಗ ಬೆಲ್ಟು ಬಂದಿದೆ. ಸಂಜೆ ಗುಡ್ಡಕ್ಕೆ ಹೋಗುವ ಮಾತೇ ಇಲ್ಲ. ರಾತ್ರಿ ಕಾಲು ನೋವೆಂದು ನರಳಿದರೆ ನಮ್ಮ ಡಬ್ಬಿಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡುವವರಿದ್ದಾರೆ. ನಾಯಿಗೆ ಅವು ಪ್ರಾಣಾಂತಿಕವಾಗಬಹುದು. ನಾಯಿಯ ನೋವಿಗೆ ಬೇರೆಯೇ ಔಷಧಿಗಳಿವೆ, ಅವನ್ನು ವೈದ್ಯರೇ ತೂಕ ನೋಡಿ ಕೊಡಬೇಕು.

ಈ ಕಾಲದ ಇನ್ನೊಂದು ಅಪಾಯವನ್ನು ಹೊರಗಿನಿಂದ ಬರುವವರು ಗಮನಿಸುವುದೇ ಇಲ್ಲ. ಮಳೆಗಾಲದ ಇಂಬಳಕ್ಕೆ (ಕಾಡಿನ ಜಿಗಣೆಗೆ) ಹೆದರುವವರು ಕಾರ್ತಿಕದಲ್ಲಿ ನಿಶ್ಚಿಂತರಾಗಿರುತ್ತಾರೆ. ಆದರೆ ಇಂಬಳ ಮರೆಯಾಗುವ ಹೊತ್ತಿಗೇ ಉಣುಗಿನ ಕಾಲ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವಂಥದ್ದು, ನವೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಹಾವಳಿ. ಎಲೆಯುದುರಿದ ಕಾಡಿನಲ್ಲಿ ಓಡಾಡಿದ ನಾಯಿ ಆ ಉಣುಗುಗಳನ್ನು ಮೈಮೇಲೆ ಹೊತ್ತು ಕಾರಿನ ಸೀಟಿಗೂ, ಮಕ್ಕಳ ಹಾಸಿಗೆಗೂ ತಂದುಬಿಡಬಹುದು. ನಾಯಿಗೇ ಬರುವ ಉಣುಗು ಜ್ವರ ಬೇರೆ. ಎಳೆಯ ನಾಯಿ ಅದನ್ನು ತಡೆದುಕೊಂಡೀತು, ಮುದಿನಾಯಿ ಎರಡೇ ದಿನಕ್ಕೆ ಊಟ ಬಿಟ್ಟು ಮಲಗಿಬಿಡುತ್ತದೆ. ಮನೆಗೆ ಬಂದ ಕೂಡಲೇ ಕಿವಿಯ ಒಳಮಡಿಕೆ, ಕಂಕುಳು, ಬೆರಳ ಸಂದು, ಬಾಲದ ಬುಡ ಇಷ್ಟನ್ನೂ ಬೆಳಕಿನಲ್ಲಿ ತಡಕಿ ನೋಡಬೇಕು. ಬೆರಳ ಸಂದಿನಲ್ಲಿ ಉತ್ತರಾಣಿಯ ಕಡ್ಡಿಯೋ ಹುಲ್ಲಿನ ಮುಳ್ಳೋ ಸಿಕ್ಕಿಕೊಂಡಿದ್ದರೆ ಅದೂ ಆಗಲೇ ಸಿಗುತ್ತದೆ. ಬಿಟ್ಟರೆ ಒಳಕ್ಕೆ ಇಳಿದು ಕೀವಾಗುತ್ತದೆ. ಉಣುಗು ಹತ್ತದಂತೆ ಮನುಷ್ಯರಿಗೆಂದು ಹಂಚುವ ಎಣ್ಣೆಯನ್ನು ವೈದ್ಯರನ್ನು ಕೇಳದೆ ನಾಯಿಗೆ ಹಚ್ಚಬಾರದು, ಅದು ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತದೆ.

ಕನ್ನಡಿಗರಿಗೆ ಬೆಟ್ಟದ ನಾಯಿಯ ಮೇಲಿನ ಗೌರವ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ, ಗಂಗರ ಅರಸ ಬೂತುಗನು ಏನು ಬೇಕೆಂದಾಗ ಆ ನಾಯಿಯನ್ನೇ ಕೇಳಿ ಪಡೆದ. ಮುಂದೆ ಗುಡ್ಡದ ಬದಿಯಲ್ಲಿ ಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಕಾದಾಡಿ ಒಟ್ಟಿಗೆ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಾಳಿ ಮುದಿಯಾಗಲಿಲ್ಲ. ಮುದಿಯಾಗುವ ನಾಯಿಗಳಿಗೆ ಯಾರೂ ಕಲ್ಲು ನಿಲ್ಲಿಸಿದಂತೆ ಕಾಣೆ.

ನಿಲ್ಲಿಸುವುದಿರಲಿ, ಘಟ್ಟದ ರಸ್ತೆಗೆ ತಂದು ಇಳಿಸಿ ಹೋಗುವವರೂ ಇದ್ದಾರೆ. ಕೊರಳಲ್ಲಿ ಬೆಲ್ಟಿನ ಗುರುತು ಮಾತ್ರ ಉಳಿದ, ಸಾಕಿದ ಜಾತಿಯ ವಯಸ್ಸಾದ ನಾಯಿಗಳು ಪ್ರವಾಸದ ದಿನಗಳು ಮುಗಿದ ಮೇಲೆ ತಿರುವುಗಳಲ್ಲಿ ಪ್ರತಿ ಕಾರನ್ನೂ ಎದ್ದು ನೋಡುತ್ತ ಕುಳಿತಿರುವುದನ್ನು ನಾನು ಒಂದಲ್ಲ, ಮೂರು ಸಲ ಕಂಡಿದ್ದೇನೆ. ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಆ ಕಾಯ್ದೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ಈಗ ಅದು ಘಟ್ಟದ ಮೇಲಿನ ಒಂದು ಪ್ಲೇಟು ಬಜ್ಜಿಯ ಬೆಲೆ.

ಆದ್ದರಿಂದ ಅರಣ್ಯ ಇಲಾಖೆಯನ್ನೂ ಜಿಲ್ಲಾಡಳಿತವನ್ನೂ ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುವುದೇನೆಂದರೆ, ನಾಯಿಗೆ ಪ್ರವೇಶವಿಲ್ಲವೆಂಬುದನ್ನು ದುಡ್ಡು ಕಟ್ಟಿಸಿಕೊಳ್ಳುವ ಮೊದಲೇ ತಿಳಿಸಲಿ, ಪೇಟೆಗಳಲ್ಲಿ ಫಲಕ ಹಾಕಿಸಲಿ, ಗೇಟಿನ ವಾಹನ ನಿಲುಗಡೆಯಲ್ಲಿ ಒಳಗೆ ನಾಯಿಯಿರುವ ಕಾರು ಕಂಡರೆ ಮಾಲೀಕರನ್ನು ಆಗಲೇ ತಡೆಯುವ ಅಧಿಕಾರವನ್ನು ಸಿಬ್ಬಂದಿಗೆ ಕೊಡಲಿ. ನಾಯಿಯ ಜೊತೆ ಹೊರಡುವವರು ಒಂದು ದಪ್ಪ ಟವೆಲನ್ನೋ ಕಂಬಳಿಯನ್ನೋ ಚೀಲದಲ್ಲಿ ಇಟ್ಟುಕೊಳ್ಳಲಿ. ಕೆಂಚನೂ ನಾನೂ ಈಗ ಎರಡನೆಯ ತಿರುವಿನ ಹಲಸಿನ ಮರದವರೆಗೆ ಹೋಗುತ್ತೇವೆ. ಕಂಬಳಿ ಹಾಸಿದರೆ ಅವನು ಅದರ ಮೇಲೆ ಮಲಗುತ್ತಾನೆ. ನನಗೆ ಬರಿಯ ಬಂಡೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು