ಹದಿಮೂರರ ಮಗ್ಗಿ ಹೇಳುತ್ತಾ ಓಡು

ಮೈಸೂರು
ಭಾನುವಾರ ಬೆಳಗ್ಗೆ

ಚಿ. ಅನುಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ತಾತ ಕಾಗದ ಬರೆಯುವಾಗ ಮೊದಲ ಸಾಲಿಗೆ ‘ಉಭಯ ಕುಶಲೋಪರಿ ಸಾಂಪ್ರತ’ ಅಂತ ಹಾಕುತ್ತಿದ್ದರು. ನಾವಿಲ್ಲಿ ಕುಶಲ. ನಿನ್ನ ಕುಶಲ ಮಾತ್ರ ಅಷ್ಟಕ್ಕಷ್ಟೇ ಅಂತ ನಿನ್ನಮ್ಮ ನಿನ್ನೆ ಫೋನಿನಲ್ಲಿ ಹೇಳಿದಳು. ಹೊಸ ಶೂ ತಗೊಂಡು ಲಾಲ್‌ಬಾಗಿಗೆ ಹೋದೆಯಂತೆ. ಗೇಟಿನಿಂದಲೇ ಓಟ ಕಿತ್ತೆಯಂತೆ. ಐದು ನಿಮಿಷಕ್ಕೆ ಪಕ್ಕೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆಯಂತೆ. ಮನೆಗೆ ಬಂದು ‘ಓಟ ನನ್ನ ಹಣೇಲಿ ಬರೆದಿಲ್ಲ’ ಅಂದೆಯಂತೆ. ಹೇಳುತ್ತಾ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾನೂ ಹೀಗೇ ಅವಸರ ಮಾಡಿ ಕೂತವಳೇ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ‘ಹ್ಞೂಂ ದೊಡ್ಡಮ್ಮ, ಹ್ಞೂಂ’ ಅನ್ನುತ್ತಾ ಲ್ಯಾಪ್‌ಟಾಪ್ ಕುಟ್ಟುತ್ತಿರುತ್ತೀಯ. ಅದಕ್ಕೇ ಈ ಕಾಗದ. ಊಟಕ್ಕೆ ಕೂತಾಗ ಓದು.

ನಿನಗೆ ಓಡಲು ಬರಲ್ಲ ಅಂತ ಯಾರು ಹೇಳಿದ್ದು? ಜೋರಾಗಿ ಓಡಿ ಸುಸ್ತಾಗಿದೀಯ, ಅಷ್ಟೇ. ನಮಗೆಲ್ಲ ಓಟ ಅಂದರೆ ಸ್ಕೂಲಿನ ನೂರು ಮೀಟರ್ ಓಟವೇ ನೆನಪು. ಮೇಷ್ಟ್ರು ಸೀಟಿ ಊದಿದರು, ಹಲ್ಲು ಕಚ್ಚಿ ಓಡಿದೆವು, ಮುಗೀತು. ಆಮೇಲೆ ಹತ್ತು ಹದಿನೈದು ವರ್ಷ ನಾವು ಓಡೋದು ಬಸ್ಸು ಹಿಡಿಯೋಕೆ ಮಾತ್ರ. ಅದೂ ಬಿದ್ದೂ ಎದ್ದೂ ಓಡೋದೇ. ನಿಧಾನವಾಗಿ ಓಡುವುದು ಅಂತ ಒಂದಿದೆ ಅನ್ನುವುದೇ ನನಗೆ 46 ವರ್ಷ ಆಗುವವರೆಗೆ ಗೊತ್ತಿರಲಿಲ್ಲ.

ಎಷ್ಟು ನಿಧಾನ ಅಂತ ಕೇಳುತ್ತೀಯ. ಓಡುತ್ತಾ ಮಾತಾಡಲು ಆಗಬೇಕು, ಅಷ್ಟು ನಿಧಾನ. ನೀನು ಒಬ್ಬಳೇ ಹೋಗುತ್ತೀಯಲ್ಲ, ಯಾರ ಹತ್ತಿರ ಮಾತು? ಮಗ್ಗಿ ಹೇಳಿಕೋ. ನಾನು ಹದಿಮೂರರ ಮಗ್ಗಿ ಹೇಳುತ್ತಿದ್ದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಇಷ್ಟನ್ನು ಒಂದೇ ಉಸಿರಿಗೆ ಹೇಳಲು ಆದರೆ ವೇಗ ಸರಿಯಾಗಿದೆ. ‘ಹದಿಮೂರೆರಡ್ಲ’ ಅಂದು ಏದುಸಿರು ಬಂದರೆ ಜೋರಾಯಿತು, ಇಳಿಸು. ಇಳಿಸಿದ ಮೇಲೂ ಆಗದಿದ್ದರೆ ನಡಿ. ಮಗ್ಗಿ ಮರೆತುಹೋಗಿದ್ದರೆ ಅದು ಉಸಿರಿನ ತಪ್ಪಲ್ಲ, ನಿಮ್ಮ ಸ್ಕೂಲಿನದು.

ಹೀಗೆ ಓಡಿದರೆ ನಡೆಯುವವರೇ ನಿನ್ನನ್ನು ದಾಟಿಕೊಂಡು ಹೋಗಬಹುದು. ಹೋಗಲಿ ಬಿಡು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನನ್ನನ್ನು ದಾಟಿ ಹೋಗದ ರಿಟೈರ್ಡ್ ಮೇಷ್ಟ್ರೇ ಇರಲಿಲ್ಲ.

ಇದಕ್ಕೆ ಒಂದು ಕಥೆ ಇದೆ, ನಿಜವಾಗಿ ನಡೆದದ್ದು. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬ ಕೋಚ್ ಇದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಇಬ್ಬರು ಶಿಷ್ಯರು ಒಂದೇ ದಿನ ಚಿನ್ನ ಗೆದ್ದರು. ಅಂಥ ಕೋಚ್ ಆಕ್ಲೆಂಡ್ ಊರಿನ ಸಾಮಾನ್ಯ ಜನರನ್ನೂ ಓಡಿಸುತ್ತಿದ್ದರು. ವಯಸ್ಸಾದವರು, ಹೊಟ್ಟೆ ಬಂದವರು, ಹಾರ್ಟ್ ಅಟ್ಯಾಕ್ ಆಗಿ ಉಳಿದವರು, ಎಲ್ಲರೂ ಮಾತಾಡಿಕೊಂಡು ಓಡುತ್ತಿದ್ದರು. 1962ರಲ್ಲಿ ಅಮೆರಿಕದಿಂದ ಬಿಲ್ ಬೋವರ್‌ಮನ್ ಅನ್ನುವ ಇನ್ನೊಬ್ಬ ಕೋಚ್ ಅಲ್ಲಿಗೆ ಹೋದರು. ವಯಸ್ಸು ಐವತ್ತು ದಾಟಿತ್ತು. ದೇಶದ ದೊಡ್ಡ ಓಟಗಾರರನ್ನು ತಯಾರು ಮಾಡಿದವರು, ನಾನು ಗಟ್ಟಿ ಇದ್ದೀನಿ ಅಂದುಕೊಂಡಿದ್ದರು. ಆ ಊರಿನ ಜನರ ಜೊತೆ ಓಡಲು ಹೊರಟು ಮೊದಲ ಗುಡ್ಡಕ್ಕೇ ಉಸಿರು ಕಟ್ಟಿ ಹಿಂದೆ ಬಿದ್ದರು. ಆಗ ಎಪ್ಪತ್ತು ದಾಟಿದ, ಹಾರ್ಟ್ ಅಟ್ಯಾಕ್ ಕಂಡಿದ್ದ ಒಬ್ಬ ಅಜ್ಜ ಪಾಪ ಅಂತ ನಿಧಾನ ಮಾಡಿ, ಇವರ ಜೊತೆಗೇ ಮಾತಾಡಿಕೊಂಡು ಬಂದರಂತೆ. ಬೋವರ್‌ಮನ್ ಊರಿಗೆ ವಾಪಸ್ ಹೋಗಿ ತಮ್ಮವರಿಗೂ ಜಾಗಿಂಗ್ ಕಲಿಸಿದರು. ನೀನು ಅಷ್ಟು ದುಡ್ಡು ಕೊಟ್ಟು ತಗೊಂಡ ಆ ನೈಕಿ ಶೂ ಇದೆಯಲ್ಲ, ಆ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇವರೇ. ಅವರೇ ಉಸಿರು ಕಟ್ಟಿ ಹಿಂದೆ ಬಿದ್ದವರು. ನೀನು ಬೆಂಚಿನ ಮೇಲೆ ಕೂತದ್ದಕ್ಕೆ ನಾಚಿಕೆ ಯಾಕೆ?

ಈಗ ಲೆಕ್ಕ ಹೇಳುತ್ತೇನೆ. ಇದು ನನ್ನದಲ್ಲ. ಜಾಶ್ ಕ್ಲಾರ್ಕ್ ಅನ್ನುವ ಅಮೆರಿಕದ ಹುಡುಗ 1996ರಲ್ಲಿ, ಐವತ್ತು ದಾಟಿದ ತನ್ನ ಅಮ್ಮನನ್ನು ಸೋಫಾದಿಂದ ಎಬ್ಬಿಸಲು ಹಾಕಿದ ಲೆಕ್ಕ. ಮೊದಲು 5 ನಿಮಿಷ ಬಿರುಸಾಗಿ ನಡಿ. ಆಮೇಲೆ 1 ನಿಮಿಷ ಓಡು, ಒಂದೂವರೆ ನಿಮಿಷ ನಡಿ. ಹೀಗೇ ಎಂಟು ಸಲ, ಅಂದರೆ 20 ನಿಮಿಷ. ವಾರಕ್ಕೆ ಮೂರೇ ದಿನ. ಮುಂದಿನ ವಾರಗಳಲ್ಲಿ ಓಟ ಚೂರು ಚೂರೇ ಜಾಸ್ತಿ, ನಡಿಗೆ ಕಡಿಮೆ. 9 ವಾರಕ್ಕೆ ಅರ್ಧ ಗಂಟೆ ನಿಲ್ಲದೆ ಓಡುತ್ತೀಯ ಅಂತ ಲೆಕ್ಕ. ನನಗೆ 15 ವಾರ ಹಿಡಿಯಿತು. ಒಂದು ವಾರ ಕಷ್ಟವಾದರೆ ಅದೇ ವಾರವನ್ನು ಇನ್ನೊಂದು ಸಲ ಮಾಡು. ಯಾರೂ ಫೇಲ್ ಮಾಡಲ್ಲ.

ಮೂರೇ ದಿನ ಅಂದದ್ದನ್ನು ಮಾತ್ರ ಮರೀಬೇಡ. ನೀನು ನನ್ನ ಹಾಗೆ ಹಟಮಾರಿ, ಅದಕ್ಕೇ ಹೇಳುತ್ತಿದ್ದೇನೆ.

ನನಗಾದದ್ದು ಕೇಳು. ಸಕ್ಕರೆ ಗಡಿ ಹತ್ತಿರ ಬಂದಿದೆ, ದಿನಾ ನಡೀರಿ ಅಂತ ಡಾಕ್ಟರು ಹೇಳಿದ್ದರು. ಎರಡು ವರ್ಷ ನಡೆದೆ. ಒಂದು ದಿನ ಕೆರೆ ದಂಡೆಯಲ್ಲಿ ಮಳೆ ಹಿಡಿಯಿತು. ಚೂಡಿದಾರದಲ್ಲೇ ಮರದ ಕೆಳಗೆ ಓಡಿದೆ. ಏನೋ ಖುಷಿಯಾಯಿತು, ಹೇಳಲು ಬರಲ್ಲ. ಮಾರನೇ ದಿನದಿಂದ ಸುಮ್ನೆ ಓಡಲು ಶುರು ಮಾಡಿದೆ, ದಿನಾ. ನಡೆದು ನಡೆದು ಉಸಿರು ಗಟ್ಟಿಯಾಗಿತ್ತು, ಸುಸ್ತೇ ಆಗುತ್ತಿರಲಿಲ್ಲ. ನಾಲ್ಕನೇ ವಾರ ಗರ್ವ ಬಂತು, ಇಡೀ ಕೆರೆ ಒಂದು ಸುತ್ತು ಓಡಿಬಿಟ್ಟೆ. 5 ಕಿಲೋಮೀಟರಿಗೆ ಹತ್ತಿರ. ಮನೆಗೆ ಬಂದು ನಿನ್ನ ದೊಡ್ಡಪ್ಪನ ಮುಂದೆ ಜಂಬ ಕೊಚ್ಚಿದೆ. ಸಾಯಂಕಾಲಕ್ಕೆ ಮೊಣಕಾಲ ಕೆಳಗೆ, ಮುಂಭಾಗದ ಮೂಳೆ ಉದ್ದಕ್ಕೂ ನೋವು. ಮಾರನೇ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಆರು ವಾರ ಮನೆಯಲ್ಲೇ ಕೂತೆ. ಮೇಲೆ ಹೇಳಿದ ಲೆಕ್ಕ ಹಿಡಿದದ್ದು ಅದಾದ ಮೇಲೆ.

ಮೂಳೆ ಡಾಕ್ಟರು ಆಗ ಹೇಳಿದ ಮಾತು ಇವತ್ತಿಗೂ ನೆನಪಿದೆ. ಎದೆ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ ತಿಂಗಳುಗಟ್ಟಲೆ ಬೇಕು. ಓಡಿದಾಗ ಅವಕ್ಕೆ ಏಟು ಬೀಳುತ್ತದೆ, ಆಮೇಲೆ ಬಿಡುವು ಸಿಕ್ಕಾಗ ಗಟ್ಟಿಯಾಗುತ್ತವೆ. ಬಿಡುವೇ ಕೊಡದಿದ್ದರೆ ಏಟಿನ ಮೇಲೆ ಏಟು. ಅಂದರೆ ನಿನಗೆ ‘ಇನ್ನೂ ಓಡಬಲ್ಲೆ’ ಅನ್ನಿಸುವುದು ಉಸಿರಿನ ಮಾತು, ಕಾಲನ್ನು ಕೇಳಿ ಹೇಳಿದ್ದಲ್ಲ. ಎರಡನೇ ತಿಂಗಳು ಬಹಳ ಮೋಸದ್ದು ಕಣೇ. ಆಗಲೇ ಹುಷಾರಾಗಿರಬೇಕು.

ನೋವಲ್ಲೂ ಎರಡು ಥರ. ಎರಡೂ ತೊಡೆ, ಮೀನಖಂಡ ಹಿಡಿದುಕೊಂಡ ಹಾಗಿದ್ದು ಎರಡು ದಿನಕ್ಕೆ ಹೋದರೆ ಅದು ಕೂಲಿ ಮಾಡಿದ ನೋವು, ತಲೆ ಕೆಡಿಸಿಕೊಳ್ಳಬೇಡ. ಒಂದೇ ಕಾಲಲ್ಲಿ, ಒಂದು ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸುವ ಹಾಗಿದ್ದರೆ, ಓಡುತ್ತಾ ಓಡುತ್ತಾ ಜಾಸ್ತಿಯಾದರೆ, ಕುಂಟುವ ಹಾಗಾದರೆ ಅಲ್ಲೇ ನಿಲ್ಲಿಸಿ ಆಟೋ ಹತ್ತು. ಎದೆ ನೋವು, ತಲೆಸುತ್ತು ಬಂದರೆ ನನ್ನ ಕಾಗದ ಹುಡುಕಬೇಡ, ಸೀದಾ ಡಾಕ್ಟರ ಹತ್ತಿರ ಹೋಗು. ನಿನ್ನ ತಾತನಿಗೆ ಹಾರ್ಟಿನ ತೊಂದರೆ ಇತ್ತು, ಗೊತ್ತಲ್ವಾ? ಅದಕ್ಕೆ ಶುರು ಮಾಡುವ ಮೊದಲೇ ಒಂದು ಸಲ ತೋರಿಸಿಕೊಂಡು ಬಾ. ಹಾಗೇ ಹಿಮೋಗ್ಲೋಬಿನ್ ನೋಡಿಸು. ನಮ್ಮ ಮನೆ ಹೆಣ್ಣುಮಕ್ಕಳಿಗೆ ಅದು ಯಾವಾಗಲೂ ಕಡಿಮೆಯೇ. ರಕ್ತ ಕಡಿಮೆ ಇದ್ದರೆ ಎಷ್ಟು ನಿಧಾನ ಓಡಿದರೂ ಏದುಸಿರು ಬರುತ್ತದೆ, ನೀನು ನಿನ್ನನ್ನೇ ಬೈದುಕೊಳ್ಳುತ್ತೀಯ. ಊಟ ಆದ ತಕ್ಷಣ ಕಾಫಿ ಕುಡಿಯುವುದನ್ನು ಬಿಡು, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದು ಬಿಡುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೋ.

ಶೂ ವಿಷಯ. ನಿನ್ನದು ಸರಿಯಾಗಿದೆಯಾ ನೋಡು. ನನಗೆ ಒಬ್ಬ ಅಂಗಡಿಯವನು ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ’ ಅಂತ ಬಿಗಿಯಾದದ್ದೇ ಕಟ್ಟಿದ. ಲೂಸ್ ಆಗಲಿಲ್ಲ, ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಯಿತು. ಶೂ ಕೊಳ್ಳುವುದು ಸಾಯಂಕಾಲ, ಕಾಲು ಸ್ವಲ್ಪ ಊದಿಕೊಂಡಿರುವಾಗ. ಹಾಕುವ ಸಾಕ್ಸನ್ನೇ ತಗೊಂಡು ಹೋಗಬೇಕು. ನಿಂತಾಗ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಇರಬೇಕು. ಇನ್ನೊಂದು, ಇದನ್ನು ನಿನ್ನಮ್ಮ ಬಾಯಿಬಿಟ್ಟು ಹೇಳಲ್ಲ. ಶೂಗಿಂತ ಮೊದಲು ಒಳ್ಳೆಯ ಸ್ಪೋರ್ಟ್ಸ್ ಬ್ರಾ ತಗೋ. ನಾನು ವರ್ಷಗಟ್ಟಲೆ ಮಾಮೂಲಿದರಲ್ಲೇ ಓಡಿ ಭುಜ, ಬೆನ್ನು ಹಿಡಿಸಿಕೊಂಡೆ. ಆಗ ಕೇಳಲು ನಾಚಿಕೆ, ಹೇಳುವವರೂ ಇರಲಿಲ್ಲ.

ಪಕ್ಕೆ ಹಿಡಿದಿತ್ತು ಅಂದೆಯಲ್ಲ, ಹೊರಡುವ ಮೊದಲು ಏನು ತಿಂದಿದ್ದೆ? ನಿನ್ನಮ್ಮನ ಮನೆಯಲ್ಲಿ ದೋಸೆ ತಪ್ಪುವುದಿಲ್ಲ ಅಂತ ಗೊತ್ತು. ದೋಸೆ ಬಂದಮೇಲೆ ತಿನ್ನು. ಮೊದಲು ಹಸಿವಾದರೆ ಅರ್ಧ ಬಾಳೆಹಣ್ಣು ಸಾಕು.

ಜಾಗ ಲಾಲ್‌ಬಾಗೇ ಒಳ್ಳೆಯದು. ಕಾಂಕ್ರೀಟ್ ಫುಟ್‌ಪಾತ್‌ಗಿಂತ ಮರದ ಕೆಳಗಿನ ಮಣ್ಣು ಹಾದಿ ಕಾಲಿಗೆ ಹಿತ. ಆದರೆ ಕೆಂಪೇಗೌಡರ ಗೋಪುರ ಇರುವ ಆ ಬಂಡೆ ಮೇಲೆ ಈಗಲೇ ಓಡಲು ಹೋಗಬೇಡ. ಆ ಕಲ್ಲು ಸುಮಾರು 300 ಕೋಟಿ ವರ್ಷದಿಂದ ಅಲ್ಲೇ ಇದೆ. ಇನ್ನು ನಾಲ್ಕು ತಿಂಗಳು ಕಾಯುತ್ತದೆ. ಬೇಜಾರಾದರೆ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗು, ಅವತ್ತು ಒಳಗೆ ಗಾಡಿ ಬಿಡುವುದಿಲ್ಲ.

ರೋಡಿನಲ್ಲಿ ಓಡಲೇಬೇಕಾದರೆ ಬಲಗಡೆ ಓಡು, ಎದುರಿಗೆ ಬರುವ ಗಾಡಿ ಕಣ್ಣಿಗೆ ಬೀಳುವ ಹಾಗೆ. ಫೌಜಾ ಸಿಂಗ್ ಹೆಸರು ಕೇಳಿದೀಯ? ಪಂಜಾಬಿನ ಅಜ್ಜ. ಮೊದಲ ಮ್ಯಾರಥಾನ್ ಓಡಿದ್ದು 89ರ ವಯಸ್ಸಿನಲ್ಲಿ, 2000ನೇ ಇಸವಿಯಲ್ಲಿ, ಲಂಡನ್ನಿನಲ್ಲಿ. 2011ರಲ್ಲಿ ನೂರು ವರ್ಷದವರಾಗಿ ಟೊರಾಂಟೊದಲ್ಲಿ ಪೂರ್ತಿ 42 ಕಿಲೋಮೀಟರ್ ಮುಗಿಸಿದರು. ಅವರ ಫೋಟೋ ಪೇಪರಿನಿಂದ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದೆ. 2025ರ ಜುಲೈನಲ್ಲಿ ತಮ್ಮ ಊರಿನ ರಸ್ತೆಯಲ್ಲೇ ಕಾರು ಗುದ್ದಿ ಹೋಗಿಬಿಟ್ಟರು. ಆ ದಿನ ನನಗೆ ಊಟ ಸೇರಲಿಲ್ಲ. ವಯಸ್ಸು ಏನೂ ಮಾಡಲಾಗದ ಮನುಷ್ಯ! ಅದಕ್ಕೇ ಕೈಮುಗಿದು ಕೇಳುತ್ತೇನೆ, ರೋಡಿನಲ್ಲಿ ಕಿವಿಗೆ ಏನೂ ಸಿಕ್ಕಿಸಿಕೊಳ್ಳಬೇಡ. ಕತ್ತಲಿದ್ದರೆ ಕಪ್ಪು ಟೀ ಶರ್ಟ್ ಹಾಕಬೇಡ.

ನಾಯಿ ಬಂದರೆ ಓಡಬೇಡ, ನಿಂತುಬಿಡು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ನಿಧಾನಕ್ಕೆ ನಡೆದು ದಾಟು. ನಮ್ಮ ಬೀದಿ ಕೊನೆಯ ಕಂದು ನಾಯಿ ಮೂರು ತಿಂಗಳು ಬೊಗಳಿ ಆಮೇಲೆ ನನ್ನ ಜೊತೆಗೇ ಕೆರೆವರೆಗೂ ಬರಲು ಶುರು ಮಾಡಿತು. ಅದಕ್ಕೂ ಮಗ್ಗಿ ಬಾಯಿಪಾಠ ಆಗಿರಬೇಕು.

ನಾಯಿಗಿಂತ ಜನ ಜಾಸ್ತಿ ಬೊಗಳುತ್ತಾರೆ. ‘ಏನ್ ಆಂಟಿ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?’ ಅಂತ ಒಬ್ಬ ಹುಡುಗ ಬೈಕ್ ನಿಧಾನ ಮಾಡಿ ಕೇಳಿದ್ದ. ನಮ್ಮತ್ತೆ ‘ಈ ವಯಸ್ಸಲ್ಲಿ ಇದೇನು’ ಅಂತ ಒಂದು ವರ್ಷ ಮುಖ ಊದಿಸಿಕೊಂಡಿದ್ದರು. ಆಮೇಲೆ ನನ್ನ ಸಕ್ಕರೆ ರಿಪೋರ್ಟನ್ನು ಅವರೇ ಪಕ್ಕದ ಮನೆಯವರಿಗೆ ಓದಿ ಹೇಳಿದರು. ನಿನ್ನ ಆಫೀಸಿನವರು ವಾಚಿನಲ್ಲಿ ನಂಬರ್ ತೋರಿಸಿ ‘ನೀನು ಎಷ್ಟು?’ ಅಂತ ಕೇಳುತ್ತಾರೆ. ‘ಹದಿಮೂರು ಏಳ್ಲ ವರೆಗೆ ಬಂದಿದೀನಿ’ ಅನ್ನು. ತಲೆ ಕೆರೆದುಕೊಳ್ಳಲಿ.

ಮುಂದಿನ ತಿಂಗಳು ರಜ ಇದೆ ಅಂದೆಯಲ್ಲ, ಇಲ್ಲಿಗೆ ಬಾ. ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿಗೆ ಹೋಗೋಣ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ದಿನಾ ನಡೆಯುತ್ತಿದ್ದ ದಂಡೆ. ಹೆಜ್ಜಾರ್ಲೆಗಳು ನೀರಿನ ಮೇಲೆ ಸುಮ್ನೆ ಕೂತಿರುತ್ತವೆ, ಅವಕ್ಕೂ ಅವಸರ ಇಲ್ಲ. ಒಂದು ನಿಮಿಷ ಓಡೋಣ, ಒಂದೂವರೆ ನಿಮಿಷ ನಡೆಯೋಣ. ನಡೆಯುವಾಗ ಆ ನಿನ್ನ ಆಫೀಸಿನ ಹುಡುಗನ ವಿಷಯ ಹೇಳು, ನಿನ್ನಮ್ಮ ಪೂರ್ತಿ ಹೇಳಲಿಲ್ಲ.

ಬರುವಾಗ ಚಕ್ಕುಲಿ ಕಳಿಸಿದ್ದ ಸ್ಟೀಲ್ ಡಬ್ಬಿ ತಗೊಂಡು ಬಾ. ಮುಚ್ಚಳ ಸಮೇತ.

ನಿನ್ನ
ದೊಡ್ಡಮ್ಮ