ಒಂದು ರಾಡ್ ಸಾಕು, ಮಗಳೇ

ಸಿದ್ದಾಪುರ, ಕೊಡಗು

ಪುಟ್ಟಿ,

ಸುರತ್ಕಲ್‌ಗೆ ಮೂರು ರಾಡ್ ತಗೊಂಡು ಹೋದ್ರೆ ಮೂರು ಪಟ್ಟು ಮೀನು ಸಿಗುತ್ತೆ ಅಲ್ವಾ ಅಂತ ನೀನು ಫೋನಲ್ಲಿ ಕೇಳಿದೆ. ಸಿಗುವುದಿಲ್ಲ. ಮೂರು ಪಟ್ಟು ಲಾಭ ಅಂಗಡಿಯವನಿಗೆ ಮಾತ್ರ.

ಇಲ್ಲಿ ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ ಒಂದೇ ಗಾಳ ಹಾಕುವುದನ್ನು ನೋಡಿ ಬೆಳೆದವಳು ನೀನು. ವಾಲ್ನೂರಿನಲ್ಲಿ ಮಶೀರ್ ಮೀನು ಹಿಡಿದವರು ಅದನ್ನು ವಾಪಸ್ ನೀರಿಗೇ ಬಿಡುತ್ತಾರೆ. ಅಲ್ಲಿ ಒಂದು ದೊಡ್ಡ ಮೀನಿಗಾಗಿ ಕಾಯುವ ಆಟ. ಕಡಲಲ್ಲಿ ಇವತ್ತು ಯಾವ ಮೀನು ದಡಕ್ಕೆ ಬಂದಿದೆ, ಅದಕ್ಕೆ ಏನು ರುಚಿಸುತ್ತದೆ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಒಂದೇ ರಾಡಿಗೆ ಎರಡು ಗಾಳ ಕಟ್ಟು. ಒಂದಕ್ಕೆ ಸಿಗಡಿ, ಇನ್ನೊಂದಕ್ಕೆ ಬೂತಾಯಿ ಮೀನಿನ ತುಂಡು. ಯಾವುದನ್ನು ಕಚ್ಚುತ್ತವೆ ನೋಡಿಕೊಂಡು ಆಮೇಲೆ ಎರಡಕ್ಕೂ ಅದನ್ನೇ ಹಾಕು.

ಕಟ್ಟುವ ಕ್ರಮ ಹೀಗೆ. ತಂಗೂಸಿಯ (ರಾಡಿನ ನೈಲಾನ್ ದಾರ) ತುದಿಗೆ ಭಾರಕ್ಕೆ ಸೀಸ. ಅದರ ಮೇಲೆ ಪಕ್ಕಕ್ಕೆ ಗೇಣುದ್ದದ ಎರಡು ತುಂಡು ದಾರ, ಒಂದೊಂದಕ್ಕೆ ಒಂದೊಂದು ಗಾಳ. ಆ ಎರಡರ ನಡುವೆ ಎರಡು ಗೇಣಿಗಿಂತ ಜಾಸ್ತಿ ಜಾಗ ಬಿಡಬೇಕು. ಕಮ್ಮಿಯಾದರೆ ಗಾಳಗಳು ಒಂದಕ್ಕೊಂದು ಸಿಕ್ಕಿಕೊಂಡು, ಬಿಡಿಸುವುದರಲ್ಲೇ ಸಂಜೆಯಾಗುತ್ತದೆ. ಸೀಸವನ್ನು ಮಾತ್ರ ಸ್ವಲ್ಪ ತೆಳು ದಾರದಲ್ಲಿ ಕಟ್ಟು. ಕಲ್ಲಿನ ಸಂದಿಗೆ ಸಿಕ್ಕರೆ ಅದೊಂದೇ ಕಿತ್ತುಹೋಗುತ್ತದೆ, ಗಾಳ ಉಳಿಯುತ್ತದೆ.

ದೂರ ಎಸೆಯಬೇಕಾದರೆ ಒಂದೇ ಗಾಳ. ಗಾಳಕ್ಕೆ ಸಿಕ್ಕಿಸುವ ಎರೆ ಜಾಸ್ತಿಯಾದಷ್ಟೂ ಗಾಳಿ ತಡೆಯುತ್ತದೆ, ಸೀಸ ಅರ್ಧಕ್ಕೇ ಬೀಳುತ್ತದೆ. ಬಂಡೆ ಇರುವ ಕಡೆಯೂ ಒಂದೇ.

ಬಂಗುಡೆ ಹಿಂಡು ಬಂದಾಗ ಮಾತ್ರ ಲೆಕ್ಕ ಬೇರೆ. ಪುಕ್ಕ ಕಟ್ಟಿದ ನಾಲ್ಕೈದು ಸಣ್ಣ ಗಾಳಗಳ ಸರ ಹಾಕುತ್ತಾರೆ, ಒಂದೇ ಸಲಕ್ಕೆ ಎರಡು ಮೂರು ಬಂದರೂ ಬಂತು. ನೋಡೋಕೆ ಚೆಂದ. ಆದರೆ ಒದ್ದಾಡುವ ಮೀನು ಬಿಡಿಸುವಾಗ ಖಾಲಿ ಗಾಳ ನಿನ್ನ ಬೆರಳಿಗೇ ನಾಟಬಹುದು. ಮೊದಲ ದಿನವೇ ಅದಕ್ಕೆ ಕೈ ಹಾಕಬೇಡ.

ಇನ್ನು ರಾಡ್. ಕಡಲಲ್ಲಿ ಸೆಳೆತ ಇರುತ್ತದೆ. ಎರಡು ತಂಗೂಸಿ ಬಿಟ್ಟರೆ ಅದು ಒಂದನ್ನು ಇನ್ನೊಂದರ ಮೇಲೆ ತಂದು ಹಾಕುತ್ತದೆ, ಪಕ್ಕದವರದ್ದನ್ನೂ ಬಿಡುವುದಿಲ್ಲ. ಏಡಿಗಳು ಸುಮ್ನೆ ಎರೆ ತಿಂದು ಹೋಗುತ್ತವೆ, ಕಾಲು ಗಂಟೆಗೊಮ್ಮೆ ಎಳೆದು ನೋಡಲೇಬೇಕು. ಒಂದನ್ನು ನೋಡುವಾಗ ಇನ್ನೊಂದು ಅನಾಥ. ದೊಡ್ಡ ಮೀನು ಕಚ್ಚಿದರೆ ಕಲ್ಲಿಗೆ ಒರಗಿಸಿಟ್ಟ ರಾಡ್ ಸೀದಾ ನೀರಿಗೆ! ಗೆಳತಿ ಬಂದರೆ ಅವಳಿಗೊಂದು, ನಿನಗೊಂದು. ಒಂದು ದೂರಕ್ಕೆ, ಒಂದು ಹತ್ತಿರಕ್ಕೆ. ಒಬ್ಬಳೇ ಇದ್ದಾಗ ಎರಡನೆಯದು ಚೀಲದಲ್ಲೇ ಇರಲಿ, ರೀಲ್ ಕೆಟ್ಟರೆ ಬೇಕಾಗುತ್ತದೆ.

ಮಳೆಗಾಲದಲ್ಲಿ ಕಲ್ಲಿನ ಮೇಲೆ ನಿಲ್ಲುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ ಅಂತ ಮಾಡಿದ ನಿಯಮ, ಇರಲಿ. ನಾನು ಹೇಳುತ್ತಿರುವುದು ಅಲೆಯ ವಿಷಯ.

ನನ್ನ ರಾಡನ್ನೇ ಬಸ್ಸಲ್ಲಿ ಕಳಿಸುತ್ತೇನೆ. ಅದು ಹೊಳೆ ನೀರು ಕಂಡ ರೀಲ್, ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತದೆ. ರೂಮಿಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳೆದು ಒರೆಸಿಡು. ಹಬ್ಬಕ್ಕೆ ಬರುವಾಗ ಒಣ ಸಿಗಡಿ ತರಬೇಕಂತೆ, ಅಮ್ಮ ಹೇಳಿದಳು.

ನಿನ್ನ ಅಪ್ಪ